ಐದಕ್ಕಿಂತ ಕಡಿಮೆ

ದೊಡ್ಡ ದ್ವೀಪದಿಂದ ಬಂದ ಪೆಟ್ಟಿಗೆಯಲ್ಲಿ
ರಕ್ತದೊತ್ತಡ ಅಳೆಯುವ ಯಂತ್ರ ಎರಡು,
ಸೊಂಟದ ಸುತ್ತಳತೆಗೆ ಟೇಪು,
ಬೆರಳು ಚುಚ್ಚುವ ಸೂಜಿ ನಾನೂರು,
ತಳದಲ್ಲಿ ಹದಿನೆಂಟು ಪುಟ ಪ್ರಶ್ನೆ.
ಕೇಳುವುದು, ಬರೆಯುವುದು, ಇಷ್ಟೇ ನನ್ನ ಕೆಲಸ.
ತಲೆಯಾಡಿಸಬಾರದು, ಅಯ್ಯೋ ಅನ್ನಬಾರದು
ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಮೊದಲ ಮನೆ ಇಯಾಂಥಿ ಕ್ವಾಶಿಯದು.
ಕಳೆದ ಏಳು ದಿನಗಳಲ್ಲಿ ಎಷ್ಟು ಸಲ ಹಣ್ಣು ತಿಂದಿರಿ?
ಅವಳು ಕಿಟಕಿಯಾಚೆ ಕಡಲು ನೋಡಿದಳು.
'ಮಂಗಳವಾರದ ದೋಣಿ ಬರಲೇ ಇಲ್ಲವಲ್ಲೇ,
ನೀನೂ ಧಕ್ಕೆಯ ಮೇಲೆ ಚೀಲ ಹಿಡಿದು ನಿಂತಿದ್ದೆ.'
ನಿಂತಿದ್ದೆ. ಆದರೆ ಬಾರದ ದೋಣಿಗೆ
ಈ ಕಾಗದದಲ್ಲಿ ಚೌಕವಿಲ್ಲ.
ಸೊನ್ನೆ ಬರೆದೆ.
ಸೊನ್ನೆಯ ಮೇಲೊಂದು ಸಣ್ಣ ಹಾಯಿ ಗೀಚಿ
ಆಮೇಲೆ ರಬ್ಬರು ಹಿಡಿದು ಅಳಿಸಿದೆ.

ಉಪ್ಪು? ಎಂದೆ.
'ಗಾಳಿಯಲ್ಲಿದೆ, ಒಣಹಾಕಿದ ಬಟ್ಟೆಯಲ್ಲಿದೆ,
ಬಾಗಿಲ ಕೀಲನ್ನೇ ತಿಂದು ಹಾಕಿದೆ,
ತೂತಿನ ಡಬ್ಬಿಯಿಂದ ಉದುರಿಸಿದ್ದನ್ನಷ್ಟೇ
ಲೆಕ್ಕಕ್ಕೆ ಹಿಡಿಯಬೇಕೇನು?'
ತೋಳಿನ ಪಟ್ಟಿ ಉಬ್ಬಿತು, ಉಸಿರು ಬಿಟ್ಟಿತು.
ನೂರ ಎಪ್ಪತ್ತೆಂಟು, ನೂರ ನಾಲ್ಕು.
ನಾನು ಅಯ್ಯೋ ಅನ್ನಲಿಲ್ಲ. ಅವಳು
ಯಂತ್ರ ಬಿಟ್ಟು ನನ್ನ ಮುಖ ಓದಿದಳು.

ಹಿತ್ತಲ ಮಳೆನೀರ ತೊಟ್ಟಿಗೆ ಟಾರ್ಚು ಬಿಟ್ಟೆ.
ಸೊಳ್ಳೆಮರಿ: ಇದೆ, ಇಲ್ಲ, ಗೊತ್ತಿಲ್ಲ.
ಬೆಳಕಿಗೆ ಬೆರಳುದ್ದದ ಮೀನೊಂದು ಬಂತು,
ಮರಿ ತಿನ್ನಲೆಂದು ಅವಳೇ ಸಾಕಿದ್ದು.
'ಅದರ ಹೆಸರು ಡಾಕ್ಟರು' ಎಂದಳು,
'ಊರು ಬಿಟ್ಟು ಹೋಗದ ಡಾಕ್ಟರು ಅದೊಂದೇ.'

ಕ್ಲೆಟಸ್ ಬೆಥೆಲ್ ಮರಳ ಮೇಲೆ
ದೋಣಿಯ ಪಕ್ಕೆಲುಬು ಕೂರಿಸುತ್ತಿದ್ದ.
ಅದೇ ಬಿಳಿ ಸೀಡರಿನ ಉಳಿಕೆಯಲ್ಲಿ
ತನ್ನ ಕಾಲನ್ನೂ ತಾನೇ ಕಡೆದುಕೊಂಡವನು.
ವರ್ಷಕ್ಕೊಮ್ಮೆ ಬಣ್ಣ, ದೋಣಿಗೆ ಬಳಿದು ಮಿಕ್ಕದ್ದು.
ಈ ಸಲ ಹಸಿರು.
ಒಪ್ಪಿಗೆಪತ್ರ ಓದಿ ಹೇಳಿದೆ:
ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ.
ನೀವು ಬರೀ ನಲವತ್ತೇಳು.
ಗಂಡಸು, ವಯಸ್ಸು ಅರವತ್ತೊಂದು, ಕಸುಬು ದೋಣಿ ಕಟ್ಟುವುದು,
ಎಡ ಮೊಣಕಾಲ ಕೆಳಗೆ ಸಕ್ಕರೆಯ ಪಾಲು.
ಉಳಿ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದ:
'ಅಂಥವನೊಬ್ಬ ಇದ್ದಾನೆ ಈ ಊರಲ್ಲಿ,
ಎಲ್ಲೋ ನೋಡಿದ ನೆನಪು.'

ಏಳು ತಿಂಗಳಿಗೆ ವರದಿ ಬಂತು. ಹೊಳೆಯುವ ರಟ್ಟು.
ಕಾಲು ಕಳೆದುಕೊಂಡವರು: ಅಂಕಿಯಿಲ್ಲ, ಒಂದು ನಕ್ಷತ್ರ.
ಹೆರಿಗೆಯಲ್ಲಿ ಹೋದವರು: ನಕ್ಷತ್ರ.
ಡೆಂಗಿ ಜ್ವರ, ಹತ್ತರೊಳಗಿನ ಮಕ್ಕಳು: ನಕ್ಷತ್ರ.
ಪುಟದ ಕೆಳಗೆ ಇರುವೆಯಕ್ಷರದಲ್ಲಿ:
ಐದಕ್ಕಿಂತ ಕಡಿಮೆ. ಗುರುತು ಕಾಯಲು ಮರೆಮಾಡಲಾಗಿದೆ.

ತಪ್ಪೇನಲ್ಲ. ಮಾತು ಕೊಟ್ಟವಳು ನಾನೇ.
ಅನ್ನದ ಪಾಡು ತಿಳಿಯಲು ಒಂದಗುಳು ಸಾಕು ಅನ್ನುತ್ತಾರೆ;
ನಮ್ಮ ಗಡಿಗೆಯಲ್ಲಿ ಇರುವುದೇ ಆರೇಳು ಅಗುಳು,
ಯಾವುದನ್ನು ಹಿಸುಕಿದರೂ ಗೊತ್ತಾಗುತ್ತದೆ ಯಾರೆಂದು.
ಮೂರನೆಯ ನಕ್ಷತ್ರಕ್ಕೆ
ಮುಂದಿನ ಎರಡು ಹಲ್ಲು ಆಗಷ್ಟೇ ಬಿದ್ದಿದ್ದವು.
ನನ್ನ ತಂಗಿಯ ಮಗ.

ಭಾನುವಾರ ಚರ್ಚಿನ ಹಜಾರದಲ್ಲಿ ಓದಿ ಹೇಳಿದೆ.
ಯಾರೂ ಕೆಮ್ಮಲಿಲ್ಲ.
ಕ್ಲೆಟಸ್ ಹಸಿರು ಕಾಲೂರಿ ಮುಂದೆ ಬಂದ,
'ನನ್ನದು ಯಾವುದು?'
ಬೆರಳಿಟ್ಟು ತೋರಿಸಿದೆ.
ಹಲಗೆಯ ಡೊಂಕು ನೋಡುವಂತೆ
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.
'ಚೆನ್ನಾಗಿದೆ. ರಾತ್ರಿ ದಿಕ್ಕು ಹಿಡಿಯಲು ಆದೀತು.
ಈಗ ಇನ್ನೊಂದು ಕಾಗದ ಬರಿ ಅವರಿಗೆ:
ದವಾಖಾನೆಯ ಫ್ರಿಜ್ಜು ಕೆಟ್ಟು ಮೂರು ವಾರ.
ಇನ್ಸುಲಿನ್ ಶೀಶೆಗಳು ಮೀನಿನ ಐಸ್ ಪೆಟ್ಟಿಗೆಯಲ್ಲಿವೆ,
ಚುಚ್ಚಿಕೊಂಡರೆ ಬೆಕ್ಕು ಹಿಂಬಾಲಿಸುತ್ತದೆ.
ಬೇಕಾದ ಫ್ರಿಜ್ಜು ಒಂದು.
ಐದಕ್ಕಿಂತ ಕಡಿಮೆಯೇ, ನಿಜ.
ಆದರೂ ಅಂಕಿಯಲ್ಲೇ ಬರಿ.'